ಸೊನ್ನೆ ಬೇರೆ, ಗೈರುಹಾಜರಿ ಬೇರೆ: ಸಡಿಲ ಹೋಲಿಕೆಗೆ ಯೂನಿಟ್ ಟೆಸ್ಟ್ ಬರೆಯುವ ಬಗೆ

ಕಾಸರಗೋಡು ಪೇಟೆಯ ಅಂಗಡಿಗೆ ಹೋಗಿ ತೆಂಗಿನಕಾಯಿ ಐದು ಅಂದರೂ, ಐನ್ ಅಂದರೂ, ಅಂಜ್ ಅಂದರೂ ಚೀಲಕ್ಕೆ ಬೀಳುವುದು ಐದೇ. ಕನ್ನಡ, ತುಳು, ಮಲಯಾಳ ಮೂರೂ ಅಂಗಡಿಯವರಿಗೆ ರೂಢಿ. ಕೇಳಿದ್ದನ್ನು ಮನಸ್ಸಿನಲ್ಲೇ ಒಂದು ಲೆಕ್ಕಕ್ಕೆ ತಂದುಕೊಳ್ಳುತ್ತಾರೆ. ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ == ಕೂಡ ಹೀಗೇ, ಎರಡು ಬದಿಯ ಡೇಟಾ ಟೈಪ್ (ಸಂಖ್ಯೆಯೋ ಅಕ್ಷರವೋ ಅನ್ನುವ ಬಗೆ) ಬೇರೆ ಇದ್ದರೆ ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸುತ್ತದೆ. === ಗೆ ಟೈಪ್ ಬೇರೆ ಅಂತ ಕಂಡರೆ ಸಾಕು, ಉತ್ತರ ಫಾಲ್ಸ್. ಮೊದಲಿನದನ್ನು ಸಡಿಲ ಹೋಲಿಕೆ, ಎರಡನೆಯದನ್ನು ಬಿಗಿ ಹೋಲಿಕೆ ಅಂತ ಕರೆಯೋಣ.

ಇದನ್ನು ಬರೆಯಲು ಕಾರಣ ಒಂದು ಟ್ಯೂಷನ್ ಸೆಂಟರಿಗೆ ನಾನು ಮಾಡಿಕೊಟ್ಟ ಅಂಕಪಟ್ಟಿ. ಪರೀಕ್ಷೆಗೆ ಬಾರದವರಿಗೆ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು), ಬಂದು ಸೊನ್ನೆ ತೆಗೆದವರಿಗೆ 0, ಹೀಗೆ ಇರಬೇಕಿತ್ತು. ಕೋಡಿನ ಒಂದು ಮೂಲೆಯಲ್ಲಿ ಅಂಕವನ್ನು ಇಂಟಿಜರ್ (ಪೂರ್ಣಾಂಕ) ಮಾಡುವ ಸಾಲಿತ್ತು, ಅದು ನಲ್ಲನ್ನೂ 0 ಮಾಡಿಬಿಟ್ಟಿತು. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಹುಡುಗಿಯ ಅಮ್ಮನಿಗೆ ‘ಗಣಿತದಲ್ಲಿ ಸೊನ್ನೆ’ ಅಂತ ಮೆಸೇಜ್ ಹೋಯಿತು. ಅವರು ಫೋನ್ ಮಾಡಿ ‘ಅವಳು ಪರೀಕ್ಷೆಗೇ ಬರಲಿಲ್ಲವಲ್ಲಾ ಮೋನೇ’ ಅಂದಾಗ ನನಗೆ ನಿಜಕ್ಕೂ ಬೇಜಾರಾಯಿತು. ಯಾಕೆಂದರೆ ಇದಕ್ಕೇ ಅಂತ ಒಂದು ಯೂನಿಟ್ ಟೆಸ್ಟ್ (ಕೋಡಿನ ಒಂದು ತುಂಡನ್ನು ಪರೀಕ್ಷಿಸುವ ಪುಟ್ಟ ಕೋಡು) ಬರೆದಿದ್ದೆ, ಅದು ಪ್ರತಿ ಸಲ ಪಾಸ್ ಆಗುತ್ತಲೇ ಇತ್ತು.

ಟೆಸ್ಟಿನಲ್ಲಿ ಇದ್ದದ್ದು ಇಷ್ಟು: ಅಸರ್ಟ್‌ಈಕ್ವಲ್ಸ್(ನಲ್, ಬಾರದವರ ಅಂಕ). ಪಿಎಚ್‌ಪಿ ಯೂನಿಟ್ ಅನ್ನುವ ಟೆಸ್ಟ್ ಸಲಕರಣೆಯ ಅಸರ್ಟ್‌ಈಕ್ವಲ್ಸ್ ಸಡಿಲ ಹೋಲಿಕೆ ಮಾಡುತ್ತದೆ. ನಲ್ == 0 ಅಂದರೆ ಟ್ರೂ. ಕೋಡು 0 ಕೊಟ್ಟರೂ ಟೆಸ್ಟ್ ಸರಿ ಅನ್ನುತ್ತದೆ. ತಪ್ಪು ಎಲ್ಲಿ ಸಡಿಲವಾಗಿದೆಯೋ ಟೆಸ್ಟ್ ಕೂಡ ಅಲ್ಲೇ ಸಡಿಲವಾಗಿದ್ದರೆ ಹಿಡಿಯುವುದು ಹೇಗೆ, ಅಲ್ವಾ? ಅದನ್ನು ಅಸರ್ಟ್‌ಸೇಮ್(ನಲ್, ...) ಮಾಡಿದ ಕೂಡಲೇ ಫೇಲ್ ಆಯಿತು. ಅಸರ್ಟ್‌ಸೇಮ್ ಒಳಗೆ ಇರುವುದು ===. ಹಾಗಾಗಿ 5 ಮತ್ತು 5.0 ಕೂಡ ಅದಕ್ಕೆ ಬೇರೆ ಬೇರೆ. ಆಬ್ಜೆಕ್ಟ್ (ಹಲವು ವಿವರ ಒಟ್ಟಿಗೆ ಇಟ್ಟ ಗಂಟು) ಕೊಟ್ಟರೆ ಒಳಗಿನ ವಿವರ ಎಲ್ಲ ಒಂದೇ ಇದ್ದರೂ ಸಾಲದು, ಎರಡೂ ಅದೇ ಆಬ್ಜೆಕ್ಟ್ ಆಗಿರಬೇಕು.

ಇನ್ನು == ಅನ್ನೇ ಪರೀಕ್ಷೆ ಮಾಡಬೇಕು ಅಂತಿದ್ದರೆ? ಇಲ್ಲಿ ತುಂಬ ಜನ ಜಾರುವ ಜಾಗ ಒಂದಿದೆ. ಅಸರ್ಟ್‌ಈಕ್ವಲ್ಸ್ ಸಡಿಲ ಅಂದರೂ ಅದು == ನ ಪಡಿಯಚ್ಚು ಅಲ್ಲ. ಎರಡೂ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿದ್ದರೆ ಅದು ಸ್ಟ್ರಿಂಗ್ ಆಗಿಯೇ ನೋಡುತ್ತದೆ. == ಹಾಗಲ್ಲ, ಎರಡೂ ಸಂಖ್ಯೆಯಂತೆ ಕಂಡರೆ ಸಂಖ್ಯೆ ಮಾಡಿ ನೋಡುತ್ತದೆ. ಒಂದು ಉದಾಹರಣೆ ಹತ್ತಿರದಿಂದ ನೋಡಿ. ಹತ್ತನೇ ತರಗತಿ, ಇ ಡಿವಿಷನ್, ಒಂದನೇ ನಂಬರಿನ ಮಗುವಿನ ಕೋಡ್ "10ಇ1" ಅಂತ ಇಟ್ಟುಕೊಳ್ಳಿ. ಒಂದನೇ ತರಗತಿ, ಇ ಡಿವಿಷನ್, ಎರಡನೇ ನಂಬರಿನದು "1ಇ2". ಇಲ್ಲಿ ಇ ಅಂದರೆ ಇಂಗ್ಲಿಷ್ ಅಕ್ಷರ, ಕಂಪ್ಯೂಟರಿಗೆ ಅದು ‘ಹತ್ತರ ಘಾತ’. 10 ಗುಣಿಸು 10 ನೂರು, 1 ಗುಣಿಸು 100 ಕೂಡ ನೂರು. == ಪ್ರಕಾರ ಇಬ್ಬರೂ ಒಂದೇ ಮಗು! ಅಸರ್ಟ್‌ಈಕ್ವಲ್ಸ್‌ಗೆ ಅವೇ ಎರಡನ್ನು ಕೊಟ್ಟರೆ ಬೇರೆ ಬೇರೆ ಅನ್ನುತ್ತದೆ. ಆದ್ದರಿಂದ ಹೋಲಿಕೆಯನ್ನು ನೀವೇ ಬರೆದು, ಬಂದ ಉತ್ತರವನ್ನು ಬಿಗಿಯಾಗಿ ನೋಡಿ: ಅಸರ್ಟ್‌ಸೇಮ್(ಟ್ರೂ, "10ಇ1" == "1ಇ2").

ನಮ್ಮೂರಿನ ಎಸ್‌ಟಿಡಿ ಕೋಡೂ ಇದೇ ಬಲೆಗೆ ಬೀಳುತ್ತದೆ. "04994" == "4994" ಟ್ರೂ. ಮುಂದಿನ ಸೊನ್ನೆಗೆ ಬೆಲೆಯೇ ಇಲ್ಲ.

ಇಂಥ ಜೋಡಿಗಳನ್ನು ಒಂದೊಂದು ಟೆಸ್ಟ್ ಆಗಿ ಬರೆಯುತ್ತಾ ಕೂರಬೇಡಿ. ಡೇಟಾ ಪ್ರೊವೈಡರ್ ಅಂತ ಇದೆ. ಎಡ, ಬಲ, ಬರಬೇಕಾದ ಉತ್ತರ, ಈ ಮೂರರ ಸಾಲುಗಳನ್ನು ಒಂದು ಅರೇಯಲ್ಲಿ (ಪಟ್ಟಿಯಲ್ಲಿ) ಕೊಟ್ಟರೆ ಒಂದೇ ಟೆಸ್ಟ್ ಪ್ರತಿ ಸಾಲಿಗೂ ಓಡುತ್ತದೆ. ಪ್ರತಿ ಸಾಲಿಗೂ ‘ನಲ್ ಎದುರು ಸೊನ್ನೆ’ ಅನ್ನುವ ಹಾಗೆ ಹೆಸರು ಕೊಡಿ, ಫೇಲ್ ಆದಾಗ ಆ ಹೆಸರೇ ಪರದೆಯ ಮೇಲೆ ಬರುತ್ತದೆ, ಹುಡುಕುವ ಕೆಲಸ ಇಲ್ಲ. ಟ್ರೂ ಬರುವ ಸಾಲು ಮಾತ್ರ ಸಾಲದು, ಫಾಲ್ಸ್ ಬರಬೇಕಾದವೂ ಇರಲಿ. ಈ ಮೂರನ್ನು ನಾನು ಯಾವತ್ತೂ ಬಿಡುವುದಿಲ್ಲ:

"0" == ಫಾಲ್ಸ್ : ಟ್ರೂ
ಫಾಲ್ಸ್ == ನಲ್ : ಟ್ರೂ
"0" == ನಲ್ : ಫಾಲ್ಸ್

ಮೇಲಿನ ಎರಡು ಸರಿ ಅಂದಮೇಲೆ ಮೂರನೆಯದೂ ಸರಿ ಇರಬೇಕು ಅಂತ ಶಾಲೆಯ ಗಣಿತ ಹೇಳುತ್ತದೆ. ಇಲ್ಲಿ ಹಾಗಾಗದು. ಫಾಲ್ಸ್ ಎದುರು ನಿಂತಾಗ ಎರಡೂ ಬದಿ ಬೂಲಿಯನ್ (ಟ್ರೂ ಇಲ್ಲವೇ ಫಾಲ್ಸ್) ಆಗುತ್ತದೆ, "0" ಬೂಲಿಯನ್ ಆದರೆ ಫಾಲ್ಸೇ. ಸ್ಟ್ರಿಂಗ್ ಎದುರು ನಿಂತಾಗ ನಲ್ ಖಾಲಿ ಸ್ಟ್ರಿಂಗ್ ಆಗುತ್ತದೆ, ಖಾಲಿ ಸ್ಟ್ರಿಂಗಿಗೂ "0"ಗೂ ಹೊಂದುವುದಿಲ್ಲ. ಎದುರು ಯಾರಿದ್ದಾರೆ ಅನ್ನುವುದರ ಮೇಲೆ ನಿಯಮವೇ ಬದಲು. ಈ ಒಂದು ವಿಷಯ ತಲೆಗೆ ಹೋದರೆ ಉಳಿದ ಜೋಡಿಗಳ ಕೋಷ್ಟಕ ಬಾಯಿಪಾಠ ಮಾಡಬೇಕಾಗಿಲ್ಲ.

ಆವೃತ್ತಿಯ ಮಾತು. 2020ರಲ್ಲಿ ಬಂದ ಪಿಎಚ್‌ಪಿ 8ರಲ್ಲಿ ಸಂಖ್ಯೆ ಮತ್ತು ಸ್ಟ್ರಿಂಗ್ ಹೋಲಿಕೆ ಬದಲಾಯಿತು. 0 == "ಅಡಿಕೆ" ಅಂತ ಕೇಳಿದರೆ 7.4ರಲ್ಲಿ ಟ್ರೂ, ಯಾಕೆಂದರೆ ಸಂಖ್ಯೆಯಲ್ಲದ ಸ್ಟ್ರಿಂಗ್ 0 ಆಗುತ್ತಿತ್ತು. 8ರಲ್ಲಿ ಸಂಖ್ಯೆಯೇ ಸ್ಟ್ರಿಂಗ್ ಆಗುತ್ತದೆ, "0" ಎದುರು "ಅಡಿಕೆ", ಫಾಲ್ಸ್. 0 == "" ಕೂಡ ಹಾಗೆಯೇ ತಿರುಗಿತು. ನಲ್ == 0 ಮಾತ್ರ ಈಗಲೂ ಟ್ರೂ. ಹಳೆ ಕೋಡನ್ನು 8ಕ್ಕೆ ತರುವವರು ಈ ಸಾಲುಗಳನ್ನು ಎರಡೂ ಆವೃತ್ತಿಯಲ್ಲಿ ಓಡಿಸಿ ನೋಡಲೇಬೇಕು. == ಕಣ್ಣಿಗೆ ಕಾಣದೆ ಕೂತಿರುವ ಜಾಗಗಳೂ ಇವೆ: ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಸ್ವಿಚ್, ಮತ್ತು ಪಟ್ಟಿಯಲ್ಲಿ ಒಂದು ಬೆಲೆ ಇದೆಯೇ ಅಂತ ಹುಡುಕುವ, ಮೂರನೇ ಆರ್ಗ್ಯುಮೆಂಟ್ ಟ್ರೂ ಕೊಡದ ಇನ್‌ಅರೇ. 8ರ ಜೊತೆ ಬಂದ, ಸ್ವಿಚ್ ಥರದ್ದೇ ಆದ ಮ್ಯಾಚ್ ಬಿಗಿ ಹೋಲಿಕೆಯದು.

ಜಾವಾಸ್ಕ್ರಿಪ್ಟ್ ಕಲಿಯುವವರು ಈ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡು ಹೋಗಬೇಡಿ. ಅಲ್ಲಿ ನಲ್ == 0 ಫಾಲ್ಸ್, ಆದರೆ "" == 0 ಟ್ರೂ.

ಕೊನೆಗೆ ಕನ್ನಡದವರಿಗೇ ಬೇಕಾದ ಸಾಲುಗಳು. ನಮ್ಮ ಕಡೆಯ ಹಿರಿಯ ಮೇಷ್ಟ್ರು ಒಬ್ಬರು ಅಂಕಗಳನ್ನು ಕನ್ನಡ ಅಂಕಿಯಲ್ಲೇ ಟೈಪ್ ಮಾಡುತ್ತಾರೆ, ಮಾಡಬೇಕಾದ್ದೇ. ಆದರೆ ಪಿಎಚ್‌ಪಿಗೆ "೪೫" ಸಂಖ್ಯೆಯಲ್ಲ. "೪೫" == 45 ಫಾಲ್ಸ್. ಅದನ್ನು ಇಂಟಿಜರ್ ಮಾಡಿದರೆ ಸದ್ದಿಲ್ಲದೆ 0 ಬರುತ್ತದೆ, ನಲವತ್ತೈದು ತೆಗೆದ ಮಗುವಿಗೆ ಸೊನ್ನೆ! "0" == ಫಾಲ್ಸ್ ಟ್ರೂ ಆದರೂ "೦" == ಫಾಲ್ಸ್ ಅಂದರೆ ಉತ್ತರ ಫಾಲ್ಸ್. ಈಗ ನನ್ನ ಕೋಡಿನಲ್ಲಿ ಬಂದ ಅಂಕವನ್ನು ಮೊದಲು ಇಂಗ್ಲಿಷ್ ಅಂಕಿಗೆ ತಿರುಗಿಸಿ, ಆಮೇಲೆಯೇ ಇಂಟಿಜರ್ ಮಾಡುತ್ತೇನೆ. ಡೇಟಾ ಪ್ರೊವೈಡರಿನಲ್ಲಿ ೦ಯಿಂದ ೯ರವರೆಗೆ ಹತ್ತು ಸಾಲು, ಖಾಲಿ ಬಿಟ್ಟ ಅಂಕಕ್ಕೆ ಇನ್ನೊಂದು. ಖಾಲಿಯ ಸಾಲಿನಲ್ಲಿ ಬರಬೇಕಾದ ಉತ್ತರ ನಲ್, ಹನ್ನೊಂದಕ್ಕೂ ಅಸರ್ಟ್‌ಸೇಮ್.