ಹಳೆಯ ಟ್ರ್ಯಾಕ್ಟರಿನ ಕಿಡಿಗೆ ಬಲ ಎಲ್ಲಿಂದ ಬರುತ್ತದೆ

ಮುಂಗಾರು ಹಿಡಿದ ಮೇಲೆ ಕೊಡಗಿನ ತೋಟಗಳಲ್ಲಿ ಉಳಿದಿರುವ ಹಳೆಯ ಪೆಟ್ರೋಲ್ ಟ್ರ್ಯಾಕ್ಟರುಗಳಿಗೆ ಬರುವ ತೊಂದರೆ ಬಹುತೇಕ ಒಂದೇ ರೀತಿಯದು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆಯುತ್ತದೆ. ಕಿಡಿ ಮಂದವಾಗಿದೆ ಎಂದು ಗೊತ್ತಾದ ಕೂಡಲೇ, ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಬದಲಾಯಿಸಿ, ಅದೂ ಹೆಚ್ಚು ಶಕ್ತಿಯ ಕಾಯಿಲ್ ಹಾಕಿಸಿ ಎಂಬ ಸಲಹೆ ಸಿಗುತ್ತದೆ. ವಾಹನಗಳ ವಿದ್ಯುತ್ ಕೆಲಸವನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಸಲಹೆ ಸರಿಯೆನಿಸುವುದಿಲ್ಲ. ಕಿಡಿಯ ಶಕ್ತಿಯನ್ನು ನಿರ್ಧರಿಸುವುದು ಡಬ್ಬಿಯ ಮೇಲೆ ಬರೆದ ವೋಲ್ಟ್ ಅಲ್ಲ, ಪಾಯಿಂಟ್ (ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಸಣ್ಣ ಸ್ವಿಚ್) ತೆರೆಯುವ ಕ್ಷಣದಲ್ಲಿ ಕಾಯಿಲಿನೊಳಗೆ ಹರಿಯುತ್ತಿರುವ ಕರೆಂಟು.

ಈ ಮಾತು ಡೀಸೆಲ್ ಟ್ರ್ಯಾಕ್ಟರುಗಳಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಕಿಡಿಯೇ ಇಲ್ಲ. ನಾನು ಹೇಳುತ್ತಿರುವುದು 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ20ಯ ಪೆಟ್ರೋಲ್ ಮಾದರಿಗಳು, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಸೀಮೆಎಣ್ಣೆ ಜಾತಿಯ ಇಂಧನಕ್ಕೆ ಬದಲಾಗುವ ಅದರ ಸೋದರ ಮಾದರಿ, ಮತ್ತು ಅದೇ ಕಾಲದ ಇತರ ಯಂತ್ರಗಳ ಬಗ್ಗೆ.

ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುತ್ತುಗಳಿರುತ್ತವೆ. ದಪ್ಪ ತಂತಿಯ ಪ್ರೈಮರಿಯಲ್ಲಿ ಕೆಲವು ನೂರು ಸುತ್ತು, ಕೂದಲಿನಷ್ಟು ತೆಳ್ಳನೆಯ ತಂತಿಯ ಸೆಕೆಂಡರಿಯಲ್ಲಿ ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿರುವಾಗ ಪ್ರೈಮರಿಯಲ್ಲಿ ಕರೆಂಟು ಏರುತ್ತಾ ಹೋಗಿ ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿಡುತ್ತದೆ; ಪಾಯಿಂಟ್ ತೆರೆದಾಗ ಆ ಕ್ಷೇತ್ರ ಕುಸಿದು ಪ್ರೈಮರಿಯಲ್ಲಿ 200ರಿಂದ 300 ವೋಲ್ಟ್, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಕೂಡಿಟ್ಟ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಇಡೀ ವಿಷಯದ ಕೀಲಿಕೈ. 3 ಓಮ್ ಪ್ರೈಮರಿ ಇರುವ ಸಾಮಾನ್ಯ ಕಾಯಿಲಿಗೆ 12 ವೋಲ್ಟ್ ಸಿಕ್ಕರೆ 4 ಆಂಪಿಯರ್ ಹರಿಯುತ್ತದೆ, ಮತ್ತು ಅದರ ಇಂಡಕ್ಟೆನ್ಸ್ (ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿಡುವ ಗುಣ) 8 ಮಿಲಿಹೆನ್ರಿ ಎಂದು ಹಿಡಿದರೆ ಒಟ್ಟಾಗುವ ಶಕ್ತಿ ಸುಮಾರು 64 ಮಿಲಿಜೂಲ್. ಇದರಲ್ಲಿ ಒಂದಷ್ಟು ಭಾಗ ತಿರುಳಿನಲ್ಲಿ, ತಂತಿಯಲ್ಲಿ, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಮತ್ತು ಕ್ಯಾಪ್ ನಡುವಿನ ಅಂತರದಲ್ಲಿ ನಷ್ಟವಾಗಿ ಉಳಿದದ್ದು ಪ್ಲಗ್ ತಲುಪುತ್ತದೆ.

ಈಗ ಚಳಿ ಹಿಡಿದ ಬೆಳಗಿನಲ್ಲಿ ಸೆಲ್ಫ್ ಹೊಡೆಯುವಾಗ ಬ್ಯಾಟರಿ 9 ವೋಲ್ಟಿಗೆ ಇಳಿಯಿತೆನ್ನಿ. ಕರೆಂಟು 4ರಿಂದ 3 ಆಂಪಿಯರಿಗೆ ಇಳಿದರೆ ಕಾಲು ಭಾಗ ಮಾತ್ರ ಕಡಿಮೆಯಾದಂತೆ ಕಾಣುತ್ತದೆ. ಆದರೆ ವರ್ಗದ ಲೆಕ್ಕದಲ್ಲಿ ಶಕ್ತಿ ಶೇಕಡಾ 56ಕ್ಕೆ ಕುಸಿಯುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದು, ತುಕ್ಕು ಹಿಡಿದ ಇಗ್ನಿಷನ್ ಸ್ವಿಚ್ಚಿನಲ್ಲೋ ಸಡಿಲವಾದ ಟರ್ಮಿನಲ್ಲಿನಲ್ಲೋ 1 ಓಮ್ ಅಡ್ಡ ಬಂದರೂ ನಷ್ಟ ಅಷ್ಟೇ. ಆರೇಳು ತಿಂಗಳು ತೇವದಲ್ಲಿ ನಿಲ್ಲುವ ನಮ್ಮ ಶೆಡ್ಡುಗಳಲ್ಲಿ ಈ 1 ಓಮ್ ಅಪರೂಪದ ಸಂಗತಿಯಲ್ಲ. ಆದ್ದರಿಂದ ಕಾಯಿಲ್ ಕೊಳ್ಳುವ ಮೊದಲು ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ನಿಲ್ಲಿಸಿ, ಸ್ವಿಚ್ ಹಾಕಿ, ಸ್ವಿಚ್ಚಿನಿಂದ ವೈರ್ ಬರುವ ಟರ್ಮಿನಲ್ಲಿನ ವೋಲ್ಟನ್ನು ಬ್ಯಾಟರಿಯ ವೋಲ್ಟಿನೊಂದಿಗೆ ಹೋಲಿಸಿ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ವೈರಿಂಗಿನಲ್ಲಿದೆ. ಅಳತೆ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಬೇಕು, ಇಲ್ಲವಾದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತಾ ಕೂರುತ್ತದೆ.

ಹೆಚ್ಚು ಶಕ್ತಿಯ ಕಾಯಿಲಿನ ವಿಷಯಕ್ಕೆ ಬರುತ್ತೇನೆ. ಪ್ಲಗ್ಗಿನ ಅಂತರ ದಾಟಲು ಎಷ್ಟು ವೋಲ್ಟ್ ಬೇಕೋ ಅಷ್ಟಕ್ಕೇ ಕಾಯಿಲ್ ಏರುತ್ತದೆ, ಅದಕ್ಕಿಂತ ಮೇಲೆ ಏರುವುದಿಲ್ಲ. ಕಡಿಮೆ ಕಂಪ್ರೆಷನ್ನಿನ ಈ ಎಂಜಿನ್ನುಗಳಿಗೆ ಮೂಲ ಕಾಯಿಲಿನ ಸಾಮರ್ಥ್ಯದ ಒಂದು ಭಾಗವೇ ಸಾಕಾಗುತ್ತದೆ. ವೇಗದ ಕಾರಣವೂ ಇಲ್ಲಿ ಇಲ್ಲ: ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗಲೂ ಎರಡು ಕಿಡಿಗಳ ನಡುವೆ 15 ಮಿಲಿಸೆಕೆಂಡ್ ಇರುತ್ತದೆ, ಅದರಲ್ಲಿ ಪಾಯಿಂಟ್ ಮುಚ್ಚಿರುವುದು ಸುಮಾರು 10 ಮಿಲಿಸೆಕೆಂಡ್, ಮತ್ತು ಸಾಮಾನ್ಯ ಕಾಯಿಲ್ ತುಂಬಿಕೊಳ್ಳಲು ಇಷ್ಟು ಕಾಲ ಸಾಕು. ತೋಟದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಸಣ್ಣ ಎಂಜಿನ್ನಿನ ಮ್ಯಾಗ್ನೆಟೋ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕಿಡಿಗೆ ಬೇಕಾದ ಕರೆಂಟು ತಿರುಗುವ ಕಾಂತದಿಂದಲೇ ಹುಟ್ಟುವುದರಿಂದ ಹಗ್ಗವನ್ನು ಜೋರಾಗಿ ಎಳೆಯದಿದ್ದರೆ ಕಿಡಿಯೇ ಏಳುವುದಿಲ್ಲ. ಬ್ಯಾಟರಿ ಕಾಯಿಲಿನ ಟ್ರ್ಯಾಕ್ಟರ್ ನಿಧಾನಗತಿಯಲ್ಲಿ ತೊದಲಿದರೆ ಕಾಯಿಲಿನ ಶಕ್ತಿಗಿಂತ ಮೊದಲು ವೋಲ್ಟನ್ನು ಅನುಮಾನಿಸಬೇಕು.

ಅನಗತ್ಯ ಬದಲಾವಣೆಯಿಂದ ಹಾನಿಯೂ ಆಗುತ್ತದೆ. ಸಿದ್ದಾಪುರದ ಕಡೆಯ ಒಂದು ಟ್ರ್ಯಾಕ್ಟರ್ ನನ್ನ ಬಳಿ ಬಂದಾಗ ಪಾಯಿಂಟುಗಳ ಮುಖ ನೀಲಿಗಟ್ಟಿತ್ತು, ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಅದಕ್ಕೆ ಸರಿಹೊಂದುವ ಮೊನೆ ಎದ್ದಿತ್ತು, ಕಾಯಿಲಿನ ಕಪ್ಪು ತಲೆಯ ಸುತ್ತ ಎಣ್ಣೆ ಜಿನುಗಿತ್ತು. ಹೊಸದಾಗಿ ಹಾಕಿದ್ದ ಕಾಯಿಲಿನ ಪ್ರೈಮರಿ 1.5 ಓಮ್ ಮಾತ್ರ. ಅದು ಸರಣಿಯಲ್ಲಿ ಕರೆಂಟನ್ನು ಮಿತಿಗೊಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ವಾಹನಕ್ಕೆಂದು ಮಾಡಿದ್ದು. ರೆಸಿಸ್ಟರ್ ಇಲ್ಲದೆ 12 ವೋಲ್ಟಿಗೆ ಜೋಡಿಸಿದರೆ 8 ಆಂಪಿಯರ್ ಹರಿಯುತ್ತದೆ, ಪಾಯಿಂಟುಗಳು ಅದನ್ನು ತಾಳುವುದಿಲ್ಲ. 3 ಓಮಿನ ಕಾಯಿಲ್ ಮತ್ತು ಹೊಸ ಪಾಯಿಂಟ್ ಹಾಕಿದ ಮೇಲೆ ಸಮಸ್ಯೆ ತೀರಿತು. ಮಲ್ಟಿಮೀಟರ್ ಇರುವವರು ಕೊಳ್ಳುವ ಮುಂಚೆ ಅಂಗಡಿಯಲ್ಲೇ ಓಮ್ ಅಳೆದು ನೋಡಬಹುದು.

ಬಿಸಿಯಾದಾಗ ಮಾತ್ರ ನಿಲ್ಲುವ ಟ್ರ್ಯಾಕ್ಟರಿನ ಕಥೆ ಬೇರೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಹೆಚ್ಚುವುದರಿಂದ 20 ಡಿಗ್ರಿಯಲ್ಲಿ 3 ಓಮ್ ಇದ್ದ ಪ್ರೈಮರಿ 80 ಡಿಗ್ರಿಗೆ ಬಂದಾಗ 3.7 ಓಮ್ ಆಗುತ್ತದೆ, ಮತ್ತು ಕಿಡಿಯ ಶಕ್ತಿ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಇಷ್ಟನ್ನು ಆರೋಗ್ಯವಂತ ಕಾಯಿಲ್ ಸಹಿಸುತ್ತದೆ. ಆದರೆ ಒಳಗಿನ ಇನ್ಸುಲೇಷನ್ ಸೋತಿದ್ದರೆ ಬಿಸಿಯಾದಾಗ ಸುತ್ತುಗಳ ನಡುವೆ ಕರೆಂಟು ಜಿಗಿದು ಕಿಡಿ ಸಾಯುತ್ತದೆ, ತಣ್ಣಗಾದಾಗ ಮತ್ತೆ ಜೀವ ಬರುತ್ತದೆ. ಇಂಥ ಕಾಯಿಲನ್ನು ತಣ್ಣಗಿರುವಾಗ ಅಳೆದರೆ ದೋಷ ಕಾಣಿಸದಿರಬಹುದು, ಬಿಸಿಯಾಗಿ ನಿಂತ ಕೂಡಲೇ ಪರೀಕ್ಷಿಸಬೇಕು.

ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಉರಿಯದಂತೆ ತಡೆಯುವ ಕಂಡೆನ್ಸರನ್ನು ಜನ ಮರೆಯುತ್ತಾರೆ. 0.2 ಮೈಕ್ರೋಫ್ಯಾರಡ್‌ನ ಆ ಚಿಕ್ಕ ತುಂಡು ಕೆಟ್ಟರೆ ಪಾಯಿಂಟಿನಲ್ಲೇ ಕಿಡಿ ಉರಿದು, ಪ್ಲಗ್ಗಿಗೆ ಹೋಗುವುದು ಹಳದಿ ಬಣ್ಣದ ಸೋತ ಕಿಡಿ.

ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ ವೈರನ್ನು ಗಾಳಿಯಲ್ಲಿ ತೂಗಿ ಬಿಡಬಾರದು. ಎಲ್ಲೂ ದಾರಿ ಸಿಗದೆ ವೋಲ್ಟ್ ತುದಿಗೇರಿದಾಗ ಕಾಯಿಲಿನೊಳಗಿನ ಇನ್ಸುಲೇಷನ್ ಸೀಳಬಹುದು. ಇನ್ಸುಲೇಟೆಡ್ ಇಕ್ಕಳದಿಂದ ಹಿಡಿದು ಎಂಜಿನ್ ಲೋಹಕ್ಕೆ 6 ಮಿಲಿಮೀಟರ್ ಅಂತರದಲ್ಲಿಟ್ಟರೆ ಸಾಕು.

ಮಳೆಗಾಲದ ಇನ್ನೊಂದು ಸೋರಿಕೆ ಕಾಯಿಲಿನ ತಲೆ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲ್ಮೈಯದು. ತೇವ ಮತ್ತು ಮಣ್ಣು ಕೂಡಿದ ಪದರದ ಮೇಲೆ ಕರೆಂಟು ಹರಿದು ಸಣ್ಣ ಕಪ್ಪು ಗೆರೆ ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ, ಆ ಗೆರೆ ಇಂಗಾಲವಾದ್ದರಿಂದ ಭಾಗವನ್ನೇ ಬದಲಾಯಿಸಬೇಕು.

ಕಡೆಯದು ಪೋಲಾರಿಟಿ. ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ನೆಗೆಟಿವ್ ಆಗಿರಬೇಕು. ಬಿಸಿಯಾದ ಅದರಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುವುದರಿಂದ ಕಡಿಮೆ ವೋಲ್ಟಿನಲ್ಲಿ ಕಿಡಿ ಹಾರುತ್ತದೆ. ಹಳೆಯ ಬ್ರಿಟಿಷ್ ಯಂತ್ರಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಯಂತ್ರದ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿರುತ್ತಿದ್ದರು. ಈಗ ಅದನ್ನು ನೆಗೆಟಿವ್ ಅರ್ಥಿಗೆ ಬದಲಿಸಿಕೊಂಡವರು ಕಾಯಿಲಿನ ಎರಡು ವೈರುಗಳನ್ನೂ ಅದಲುಬದಲು ಮಾಡಬೇಕು. ಹಳೆಯ ಕಾಯಿಲಿನಲ್ಲಿ ಎಸ್‌ಡಬ್ಲ್ಯು (ಸ್ವಿಚ್) ಮತ್ತು ಸಿಬಿ (ಕಾಂಟ್ಯಾಕ್ಟ್ ಬ್ರೇಕರ್, ಅಂದರೆ ಪಾಯಿಂಟ್) ಎಂಬ ಗುರುತುಗಳು ಪಾಸಿಟಿವ್ ಅರ್ಥಿನ ಕಾಲಕ್ಕೆ ಸೇರಿದ್ದರೆ, ಬದಲಾವಣೆಯ ನಂತರ ಸಿಬಿಗೆ ಸ್ವಿಚ್ಚಿನ ವೈರ್, ಎಸ್‌ಡಬ್ಲ್ಯುಗೆ ಪಾಯಿಂಟಿನ ವೈರ್ ಬರಬೇಕು. ಹೊಸ ಕಾಯಿಲಿನಲ್ಲಿ ಪ್ಲಸ್ ಗುರುತಿಗೆ ಸ್ವಿಚ್, ಮೈನಸ್ ಗುರುತಿಗೆ ಪಾಯಿಂಟ್.