ಹಳೆಯ ಇಂಗ್ಲಿಷ್ ಜೇಬು ಗಡಿಯಾರದ ವಯಸ್ಸು ಎಲ್ಲಿ ಬರೆದಿದೆ?

ಪ್ರಶ್ನೆ: ನನ್ನ ಬಳಿ ಕೀಲಿ ಕೊಟ್ಟು ನಡೆಸುವ ಬೆಳ್ಳಿಯ ಜೇಬು ಗಡಿಯಾರವಿದೆ. ಒಳಗೆ ಒಬ್ಬರ ಹೆಸರು, ‘ಲಂಡನ್’ ಎಂಬ ಪದ ಮತ್ತು ಒಂದು ಸಂಖ್ಯೆ ಕೆತ್ತಲಾಗಿದೆ. ಇದು ಯಾವ ವರ್ಷದ್ದು?

ಉತ್ತರ: ಎಲ್ಲರೂ ಆ ಹೆಸರಿನ ಬೆನ್ನು ಹತ್ತುತ್ತಾರೆ, ನೀವು ಸದ್ಯಕ್ಕೆ ಅದನ್ನು ಬದಿಗಿಡಿ. 19ನೆಯ ಶತಮಾನದಲ್ಲಿ ಇಂಗ್ಲಿಷ್ ಗಡಿಯಾರಗಳ ಒಳಯಂತ್ರ ಹೆಚ್ಚಾಗಿ ಲ್ಯಾಂಕಾಷೈರಿನ ಪ್ರೆಸ್ಕಾಟ್ ಸುತ್ತಮುತ್ತ ಅರೆಬರೆಯಾಗಿ ಸಿದ್ಧವಾಗಿ, ಲಂಡನ್, ಕವೆಂಟ್ರಿ ಮುಂತಾದೆಡೆ ಪೂರ್ಣಗೊಳ್ಳುತ್ತಿತ್ತು. ಕೆತ್ತಿದ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯವನದು. ಸಂಖ್ಯೆಯೂ ಹೆಚ್ಚು ನೆರವಾಗದು. ಅಮೆರಿಕದ ವಾಲ್ಥಮ್ ಕಂಪನಿಯ ಗಡಿಯಾರವಾದರೆ ಸಂಖ್ಯೆಯಿಂದಲೇ ವರ್ಷ ಸಿಗುತ್ತದೆ. ಇಂಗ್ಲೆಂಡಿನ ಸಣ್ಣ ಕುಶಲಕರ್ಮಿಗಳ ಲೆಕ್ಕದ ಪುಸ್ತಕಗಳು ಉಳಿದಿರುವುದೇ ಅಪರೂಪ.

ವಯಸ್ಸು ಹೇಳುವುದು ಬೆಳ್ಳಿಯ ಕವಚ. ಹಿಂದಿನ ಮುಚ್ಚಳ ತೆರೆದು, ಬೆಳ್ಳಿಯನ್ನು ಪರೀಕ್ಷಿಸಿದ ಊರಿನಲ್ಲಿ ಒತ್ತಿದ ಪುಟ್ಟ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ನಡೆಯುತ್ತಿರುವ ಸಿಂಹವಿದ್ದರೆ ಬೆಳ್ಳಿ ಸಾವಿರಕ್ಕೆ 925 ಪಾಲು ಶುದ್ಧ. ಚಿರತೆಯ ತಲೆ ಲಂಡನ್ನಿನ ಗುರುತು. ಲಂಗರು ಬರ್ಮಿಂಗ್‌ಹ್ಯಾಮ್‌ನದು, ಆ ಊರಿನ ಹತ್ತಿರ ಸಮುದ್ರವೇ ಇಲ್ಲದಿದ್ದರೂ! ಇವುಗಳ ಜೊತೆಗಿರುವ ಒಂಟಿ ಅಕ್ಷರವೇ ವರ್ಷ. ಲಂಡನ್ನಿನಲ್ಲಿ 20 ಅಕ್ಷರಗಳ ಸುತ್ತು ಮುಗಿದೊಡನೆ ಅಕ್ಷರದ ಶೈಲಿ ಅಥವಾ ಸುತ್ತಲಿನ ಚೌಕಟ್ಟಿನ ಆಕಾರ ಬದಲಾಗುತ್ತಿತ್ತು. ಆದ್ದರಿಂದ ಅಕ್ಷರವನ್ನಷ್ಟೇ ಓದಿದರೆ 20 ವರ್ಷವೋ 40 ವರ್ಷವೋ ತಪ್ಪಬಹುದು. ಮೊದಲು ಊರು ಗುರುತಿಸಿ, ಆ ಊರಿನ ಪಟ್ಟಿಯಲ್ಲಿ ಅಕ್ಷರದ ಮೈಕಟ್ಟನ್ನೇ ಹೋಲಿಸಬೇಕು. ಲಂಡನ್ನಿನಲ್ಲಿ ಅಕ್ಷರ ಮೇ ತಿಂಗಳಲ್ಲಿ ಬದಲಾಗುತ್ತಿದ್ದುದರಿಂದ ಒಂದೇ ಅಕ್ಷರಕ್ಕೆ ಎರಡು ಇಸವಿಗಳು ಸೇರುತ್ತವೆ. ಇನ್ನೊಂದು ಸುಳುಹು: ಲಂಡನ್ನಿನ ಮುದ್ರೆಯಲ್ಲಿ ಚಿರತೆಯ ತಲೆಯ ಮೇಲೆ ಕಿರೀಟವಿದ್ದರೆ ಅದು 1821ರ ನಂತರದ್ದಲ್ಲ.

ರಾಜನ ಮುಖದ ಮುದ್ರೆ ಇಲ್ಲವೆಂದು ಕೆಲವರು ಗಾಬರಿಯಾಗುತ್ತಾರೆ. ಆ ಮುದ್ರೆ ಬೆಳ್ಳಿಯ ಮೇಲಿನ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ. ಗಡಿಯಾರದ ಕವಚಗಳಿಗೆ 1798ರಲ್ಲೇ ಆ ತೆರಿಗೆಯಿಂದ ವಿನಾಯಿತಿ ಸಿಕ್ಕಿತ್ತು, ಹಾಗಾಗಿ ಮುಖ ಕಾಣದಿರುವುದೇ ಸಹಜ.

ಇಷ್ಟಾದರೂ ಗೊತ್ತಾಗಿದ್ದು ಕವಚದ ವಯಸ್ಸು ಮಾತ್ರ. ಬೆಳ್ಳಿ ಬಂಗಾರದ ಆಸೆಗೆ ಕವಚ ಕರಗಿಸಿ, ಯಂತ್ರವನ್ನು ಬೇರೆ ಕವಚಕ್ಕೆ ಕೂರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ನಿಮ್ಮ ಆ ಸಂಖ್ಯೆ ಉಪಯೋಗಕ್ಕೆ ಬರುವುದು ಇಲ್ಲಿ. ಯಂತ್ರದ ಮೇಲಿನ ಸಂಖ್ಯೆಯನ್ನೇ ಕವಚದ ಒಳಗೂ ಒತ್ತುವ ರೂಢಿ ಇತ್ತು. ಎರಡೂ ಒಂದೇ ಆಗಿದ್ದರೆ ಅವು ಹುಟ್ಟಿನಿಂದ ಜೊತೆಗಿದ್ದವೆಂದು ಬಹುಮಟ್ಟಿಗೆ ನಂಬಬಹುದು.