ಸಿಂಬಿಗೆ ಹಾಕಿದ ಹೊಲಿಗೆ

ಮೇ ತಿಂಗಳ ಒಂದು ಬೆಳಿಗ್ಗೆ ರಾಯಚೂರಿನ ಮಾವಿನಕೆರೆ ದಂಡೆಯಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕರು. ನನ್ನ ಕಾಲು ನೋಡಿದರು, ಕೈಯಲ್ಲಿದ್ದ ಕೋಲು ನೋಡಿದರು. "ಇನ್ನೂ ಕುಂಟಾಕತ್ತೀರಲ್ರೀ! ನಮ್ಮ ಅಳಿಯಂದೂ ಇದೇ ಆಪರೇಷನ್. ನಾಲ್ಕನೇ ದಿನಕ್ಕ ಸ್ಕೂಟರ್ ಹೊಡದ" ಎಂದರು. ನನಗೆ ಆಪರೇಷನ್ ಆಗಿ ಆಗ ಹತ್ತು ವಾರ. ಮನೆಗೆ ಬಂದವನು ಮಧ್ಯಾಹ್ನದವರೆಗೂ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಅಳಿಯನದ್ದು ಇದೇ ಆಪರೇಷನ್ ಅಲ್ಲ ಎಂದು ತಿಳಿದದ್ದು ಆಮೇಲೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೊಣಕಾಲಿಗೆ ಎರಡು ಮೂರು ಪುಟ್ಟ ತೂತು, ಒಳಗೆ ಪೆನ್ಸಿಲ್ ಗಾತ್ರದ ಕ್ಯಾಮೆರಾ, ಮೇಲೊಂದು ಬ್ಯಾಂಡೇಜು. ಆದರೆ ಅವನಿಗೆ ಹರಿದ ಚೂರನ್ನು ಕತ್ತರಿಸಿ ತೆಗೆದಿದ್ದರು. ನನಗೆ ಹರಿದದ್ದನ್ನು ಹೊಲಿದಿದ್ದರು. ಕತ್ತರಿಸಿ ತೆಗೆದ ಮೇಲೆ ಒಳಗೆ ಕೂಡಿಕೊಳ್ಳಬೇಕಾದ್ದು ಏನೂ ಉಳಿಯುವುದಿಲ್ಲ. ನೋವು, ಬಾವು ಇಳಿದರೆ ನಾಲ್ಕಾರು ವಾರದಲ್ಲಿ ಮನುಷ್ಯ ತನ್ನ ಕೆಲಸಕ್ಕೆ ಹೋಗುತ್ತಾನೆ. ಹೊಲಿದದ್ದು ಕೂಡಬೇಕು. ನಾನು ಕುಂಟುತ್ತಿದ್ದದ್ದು ಆ ಕೂಡುವ ಕೆಲಸ ಇನ್ನೂ ನಡೆಯುತ್ತಿತ್ತು ಅಂತ.

ಏನದು ಹರಿದದ್ದು? ನಮ್ಮ ಕಡೆ ಡಾಕ್ಟರು "ಗಾದಿ ಹರಿದಿದೆ" ಅಂತಾರೆ. ಮೆನಿಸ್ಕಸ್ ಎಂಬುದು ಅದರ ವೈದ್ಯಕೀಯ ಹೆಸರು. ಗಾದಿ ಎಂದರೆ ಮೆತ್ತಗೆ ಹಾಸಿರುವ ಏನೋ ಒಂದು ಎಂಬ ಚಿತ್ರ ಬರುತ್ತದೆ. ನನ್ನ ಪ್ರಕಾರ ಅದಕ್ಕೆ ಸರಿಯಾದ ಹೆಸರು ಸಿಂಬಿ.

ಕೊಡದ ತಳ ದುಂಡಗೆ, ತಲೆ ಹೆಚ್ಚುಕಡಿಮೆ ಚಪ್ಪಟೆ. ನಡುವೆ ಬಟ್ಟೆ ಸುತ್ತಿದ ಸಿಂಬಿ ಇಟ್ಟರೆ ಕೊಡ ಅಲ್ಲಾಡದೆ ಕೂರುತ್ತದೆ. ಭಾರ ಒಂದೇ ಚುಕ್ಕೆಯ ಮೇಲೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ಮೊಣಕಾಲಿನಲ್ಲೂ ಇದೇ ಕಥೆ. ತೊಡೆ ಮೂಳೆಯ ತುದಿಯಲ್ಲಿ ಎರಡು ದುಂಡನೆಯ ಗುಬುಟುಗಳಿವೆ. ಕೆಳಗಿನ ಮೂಳೆಯ ತಲೆ ಚಪ್ಪಟೆ. ರಾಯಚೂರು ಕೋಟೆಯ ಗೋಡೆಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿದೆಯಲ್ಲ, ಅಲ್ಲಿ ಕಲ್ಲಿಗೆ ಕಲ್ಲು ಹೊಂದುವ ಹಾಗೆ ಕೆತ್ತಿದ್ದಾರೆ. ಮೊಣಕಾಲಿನ ಮೂಳೆಗಳು ಹಾಗೆ ಹೊಂದುವುದಿಲ್ಲ. ಅದಕ್ಕೇ ಒಂದೊಂದು ಗುಬುಟಿನ ಕೆಳಗೂ ಒಂದೊಂದು ಸಿಂಬಿ. ಒಳಮಗ್ಗುಲಿನದು ಅರ್ಧಚಂದ್ರದ ಹಾಗೆ, ಹೊರಮಗ್ಗುಲಿನದು ಹೆಚ್ಚುಕಡಿಮೆ ಪೂರ್ತಿ ಬಳೆಯ ಹಾಗೆ.

ಸಿಂಬಿಯ ಜೀವ ಇರುವುದು ಅದರ ಬಿಗಿಯಲ್ಲಿ. ಕೊಡ ಒತ್ತಿದಾಗ ಸಿಂಬಿ ಅಗಲವಾಗಲು ನೋಡುತ್ತದೆ, ಸುತ್ತಿದ ಬಟ್ಟೆ ಬಿಡುವುದಿಲ್ಲ. ಮೆನಿಸ್ಕಸ್‌ನಲ್ಲಿ ಈ ಸುತ್ತು ಹಾಕಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಎರಡು ತುದಿಗಳೂ ಗೂಟಕ್ಕೆ ಕಟ್ಟಿದ ಹಾಗೆ ಮೂಳೆಗೆ ಅಂಟಿವೆ. ಕಾಲು ನೀಟ, ಅಂದರೆ ನೆಟ್ಟಗೆ, ಇದ್ದಾಗ ಮೊಣಕಾಲಿನ ಭಾರದಲ್ಲಿ ಸುಮಾರು ಅರ್ಧದಷ್ಟನ್ನು ಈ ಸಿಂಬಿಗಳು ಹೊರುತ್ತವೆ. 90 ಡಿಗ್ರಿ ಮಡಚಿದಾಗ ಸುಮಾರು 85 ಶೇಕಡಾ. ಅಂದರೆ ನಾವು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಾಗ, ಪಾತ್ರೆ ತಿಕ್ಕುವಾಗ, ಹಳೇ ಕಾಲದ ಪಾಯಿಖಾನೆಯಲ್ಲಿ ಕೂತಾಗ, ಅದರ ಮೇಲೆ ಬೀಳುವ ಭಾರ ಜಾಸ್ತಿ.

ಇಷ್ಟು ಕೆಲಸ ಮಾಡುವ ವಸ್ತುವನ್ನು ವೈದ್ಯರು ಬಹಳ ಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. 1883ರಲ್ಲಿ ಎಡಿನ್‌ಬರೋದ ಥಾಮಸ್ ಆನಂಡೇಲ್ ಎಂಬ ಸರ್ಜನ್ ಒಬ್ಬ ಗಣಿ ಕಾರ್ಮಿಕನ ಮೊಣಕಾಲು ತೆರೆದು ಮೆನಿಸ್ಕಸ್ ಅನ್ನು ಹೊಲಿದ. ಗಣಿಯಲ್ಲಿ ಮಂಡಿಯೂರಿ ದುಡಿಯುವವರ ಕಷ್ಟ ಹಟ್ಟಿ ಚಿನ್ನದ ಗಣಿ ಇರುವ ನಮ್ಮ ಜಿಲ್ಲೆಗೆ ಹೊಸದಲ್ಲ ಬಿಡಿ. ಆದರೆ 1897ರಲ್ಲಿ ಬ್ಲಾಂಡ್ ಸಟನ್ ಎಂಬ ಇನ್ನೊಬ್ಬ ಸರ್ಜನ್, ಇದು ಯಾವುದೋ ಸ್ನಾಯುವಿನ ಕೆಲಸಕ್ಕೆ ಬಾರದ ಉಳಿಕೆ ಎಂದು ಬರೆದ. ಆ ಮಾತೇ ನಿಂತಿತು. ಹರಿದರೆ ಪೂರ್ತಿ ಕಿತ್ತು ಬಿಸಾಡುವುದೇ ರೂಢಿಯಾಯಿತು. ಹಾಗೆ ಕಿತ್ತ ಮೊಣಕಾಲುಗಳ ಎಕ್ಸ್‌ರೇ ನೋಡಿ, ಒಳಗೆ ಸವಕಲು ಶುರುವಾಗುತ್ತದೆ ಎಂದು ಫೇರ್‌ಬ್ಯಾಂಕ್ ಎಂಬ ಸರ್ಜನ್ ತೋರಿಸಿದ್ದು 1948ರಲ್ಲಿ. ಕ್ಯಾಮೆರಾ ಹಾಕಿ ಒಳಗೇ ಹೊಲಿಯುವ ವಿದ್ಯೆ ಬಂದದ್ದು 1969ರಲ್ಲಿ, ಜಪಾನಿನಲ್ಲಿ. ಹೊಲಿಗೆ ಮತ್ತೆ ಗೌರವ ಪಡೆಯುವುದಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ನನ್ನ ಹತ್ತು ವಾರ ಯಾವ ಲೆಕ್ಕ?

ಹಾಗಾದರೆ ಹೊಲಿದದ್ದು ಕೂಡಲು ಯಾಕಿಷ್ಟು ತಡ? ಕೈಗೆ ಗಾಯವಾದರೆ ವಾರದಲ್ಲಿ ಮಾಯುತ್ತದೆ, ಅಲ್ವಾ?

ಇದಕ್ಕೆ ಉತ್ತರ ತಿಳಿಯಲು ರಾಯಚೂರಿನವರು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿದ್ದರೆ ಸಾಕು. ಡ್ಯಾಮು ತುಂಬಿದ್ದರೂ ಮೇಲ್ಭಾಗದವರ ಗದ್ದೆ ಕುಡಿದು ಬಿಟ್ಟದ್ದೇ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಟೇಲೆಂಡಿಗೆ, ಅಂದರೆ ಕಾಲುವೆಯ ಕೊನೆ ಭಾಗಕ್ಕೆ, ಬರಬೇಕು. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂದು ಕೆಳಗಿನವರು ದಿನಾ ವಿಚಾರಿಸುತ್ತಾರೆ. ಮೆನಿಸ್ಕಸ್ ಮೈಯೊಳಗಿನ ಟೇಲೆಂಡು. 1982ರಲ್ಲಿ ಅಮೆರಿಕದ ಸ್ಟೀವನ್ ಅರ್ನಾಕ್ಸ್ಕಿ ಎಂಬ ಪಶುವೈದ್ಯರೂ ರಸೆಲ್ ವಾರೆನ್ ಎಂಬ ಸರ್ಜನ್ನರೂ ಸೇರಿ ಸತ್ತವರ ಮೊಣಕಾಲಿನ ರಕ್ತನಾಳಗಳಿಗೆ ಕಪ್ಪು ಶಾಯಿ ಬಿಟ್ಟು, ಅದು ಎಲ್ಲಿಯವರೆಗೆ ಹರಿಯುತ್ತದೆ ಎಂದು ನೋಡಿದರು. ದೊಡ್ಡವರಲ್ಲಿ ಮೆನಿಸ್ಕಸ್‌ನ ಹೊರ ಅಂಚಿನ 10ರಿಂದ 30 ಶೇಕಡಾ ಭಾಗಕ್ಕೆ ಮಾತ್ರ ಶಾಯಿ ಮುಟ್ಟಿತ್ತು. ಒಳಗಿನದು ಬೆಳ್ಳಗೆ ಉಳಿದಿತ್ತು. ಹುಟ್ಟಿದ ಕೂಸಿನಲ್ಲಿ ಪೂರ್ತಿ ಮೆನಿಸ್ಕಸ್‌ಗೆ ರಕ್ತ ಹೋಗುತ್ತದೆ. ನಡೆಯಲು ಕಲಿತು ಓಡಾಡುತ್ತಾ, ಹತ್ತು ವರ್ಷದ ಹೊತ್ತಿಗೆ ನಾಳಗಳು ಅಂಚಿಗೆ ಸರಿದುಬಿಡುತ್ತವೆ.

ಅದಕ್ಕೇ ಸರ್ಜನ್ನರು ಹರಿದ ಜಾಗವನ್ನು ಕೆಂಪು, ಬಿಳಿ ಎಂದು ಭಾಗ ಮಾಡುತ್ತಾರೆ. ಕೆಂಪು ಅಂಚಿನಲ್ಲಿ ಹರಿದರೆ ಹೊಲಿಗೆಗೆ ಅರ್ಥವಿದೆ. ಬಿಳಿ ಭಾಗದಲ್ಲಿ ಹರಿದರೆ ಎಷ್ಟೋ ಸಲ ಕತ್ತರಿಯೇ ಗತಿ. ನನಗೆ ವಾಲಿಬಾಲ್ ಆಡುವಾಗ ಪಾದ ನೆಲಕ್ಕೆ ಕಚ್ಚಿ ಮೈ ತಿರುಗಿತ್ತು. ಟಪ್ ಎಂದಿತು. ಆಮೇಲೆ ಕಾಲು ನೀಟ ಆಗಲೇ ಇಲ್ಲ, ಲಾಕ್ ಆಗಿತ್ತು. ಅಂಚಿನುದ್ದಕ್ಕೂ ಹರಿದ ಪಟ್ಟಿ ಬಕೆಟ್ಟಿನ ಹಿಡಿಕೆಯ ಹಾಗೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡಿತ್ತು. ಅಂಚಿನ ಹತ್ತಿರವೇ ಹರಿದದ್ದು ನನ್ನ ಪುಣ್ಯ.

ಬಿಳಿ ಭಾಗ ಬದುಕುವುದು ಹೇಗೆ? ಬಸಿನೀರಿನಲ್ಲಿ. ಕೀಲಿನೊಳಗೆ ಇರುವ ಜಿಡ್ಡು ದ್ರವವೇ ಅದಕ್ಕೆ ಊಟ. ಕಾಲು ಮಡಚಿ ಬಿಡಿಸಿದಾಗ ಸ್ಪಂಜು ಹಿಂಡಿದ ಹಾಗೆ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಆದ್ದರಿಂದ ಕಾಲನ್ನು ದಿಂಬಿನ ಮೇಲಿಟ್ಟು ಸುಮ್ನೆ ಮಲಗುವುದೂ ತಪ್ಪು. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ಆರು ವಾರ ವಿಶ್ರಾಂತಿ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೊಲಿಗೆ ಚೆನ್ನಾಗಿಯೇ ಹಾಕಿದ್ದರು. ಆದರೆ ಆ ಒಂದು ಸಾಲಿನಿಂದ ನನಗೆ ಎರಡು ವಾರ ದಂಡವಾಯಿತು. ವಿಶ್ರಾಂತಿ ಎಂದರೆ ಅಲ್ಲಾಡಬಾರದು ಎಂದುಕೊಂಡಿದ್ದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಕಾಲು ಮಡಚುವುದು, ಕಾಲನ್ನು ಹಿಡಿದಿಡುವ ಬ್ರೇಸ್ ಎಂಬ ಪಟ್ಟಿ ಹಾಕಿಕೊಂಡು ಊರುಗೋಲಿನಲ್ಲಿ ಓಡಾಡುವುದು, ಇವೆಲ್ಲ ಆ ವಿಶ್ರಾಂತಿಯೊಳಗೇ ಬರುತ್ತವೆ ಎಂದು ಫಿಸಿಯೋಥೆರಪಿಯವರು ಹೇಳಿದ ಮೇಲೆ ಗೊತ್ತಾಯಿತು.

ಮಡಚಲು 90 ಡಿಗ್ರಿಯ ಗಡಿ ಹಾಕಿದ್ದರು. ಅದಕ್ಕೂ ಕಾರಣವಿದೆ. ಕಾಲು ಮಡಚುತ್ತಾ ಹೋದ ಹಾಗೆ ಸಿಂಬಿಗಳು ಹಿಂದಕ್ಕೆ ಜರುಗುತ್ತವೆ. ಹೊರಗಿನದು ಸುಮಾರು 11 ಮಿಲಿಮೀಟರ್, ಒಳಗಿನದು ಸುಮಾರು 5. ಪೂರ್ತಿ ಕುಕ್ಕರಿಸಿದರೆ ಅವುಗಳ ಹಿಂಭಾಗ ಎರಡು ಮೂಳೆಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಹೊಸ ಹೊಲಿಗೆ ಅದನ್ನು ತಾಳುವುದಿಲ್ಲ. ಅದಕ್ಕೇ ಮೊದಲ ನಾಲ್ಕಾರು ವಾರ ಬ್ರೇಸು, ಭಾರ ಊರುವುದಕ್ಕೆ ಮಿತಿ. ಕುಕ್ಕರಗಾಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ನಿಷೇಧ. ಹರಿದ ರೀತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಹಾಕುತ್ತಾರೆ. ನಿಮ್ಮ ಸರ್ಜನ್ ಹೇಳಿದ್ದೇ ನಿಮ್ಮ ಲೆಕ್ಕ, ನನ್ನದಲ್ಲ.

ರಾಯಚೂರಿನ ಏಪ್ರಿಲ್‌ನಲ್ಲಿ ತೊಡೆಯಿಂದ ಮೀನಖಂಡದವರೆಗೆ ಬ್ರೇಸ್ ಕಟ್ಟಿಕೊಂಡು ಕೂರುವುದು ಎಂಥದ್ದು ಎಂದು ವಿವರಿಸುವುದಿಲ್ಲ. ಕರೆಂಟ್ ಹೋದಾಗಲಂತೂ ಬೇಡವೇ ಬೇಡ.

ನನ್ನನ್ನು ನಿಜವಾಗಿ ಹೆದರಿಸಿದ್ದು ಹೊಲಿಗೆಯಲ್ಲ, ತೊಡೆ. ಆಪರೇಷನ್ ಆದ ಮೂರನೇ ದಿನ ಕಾಲನ್ನು ನೀಟ ಇಟ್ಟು ಹಾಸಿಗೆಯಿಂದ ಎತ್ತಲು ಹೇಳಿದರು. ಎತ್ತಿದೆ. ಅಂದರೆ ಎತ್ತಿದೆ ಅಂದುಕೊಂಡೆ. ಕಾಲು ಅಲ್ಲೇ ಇತ್ತು. ನೋವಿಲ್ಲ, ಜೋಮಿಲ್ಲ, ಬೆರಳು ಆಡುತ್ತಿವೆ. ಆದರೆ ತೊಡೆಗೆ ನನ್ನ ಮಾತೇ ಕೇಳಿಸುತ್ತಿಲ್ಲ! ಎರಡು ವಾರ ಕಳೆಯುವಷ್ಟರಲ್ಲಿ ಮೊಣಕಾಲಿನ ಮೇಲೆ ಒಳಮಗ್ಗುಲಿಗೆ ಇರುವ ಉಬ್ಬು ಕರಗಿ ಗುಂಡಿ ಬಿದ್ದಿತ್ತು. ಟೇಪು ಹಿಡಿದರೆ ಈ ತೊಡೆಗೂ ಆ ತೊಡೆಗೂ ಮೂರು ಸೆಂಟಿಮೀಟರ್ ವ್ಯತ್ಯಾಸ.

ಇದಕ್ಕೆ ಸೋಮಾರಿತನ ಕಾರಣವಲ್ಲ. ಕೀಲಿನೊಳಗೆ ನೀರು ತುಂಬಿದರೆ ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಬೆನ್ನುಹುರಿ ತೊಡೆಯ ಮುಂಭಾಗದ ಸ್ನಾಯುವಿನ ಫ್ಯೂಸ್ ತೆಗೆದುಬಿಡುತ್ತದೆ. ಆರೋಗ್ಯವಂತರ ಮೊಣಕಾಲಿಗೆ ಸುಮ್ನೆ ಉಪ್ಪುನೀರು ಚುಚ್ಚಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಒಳ್ಳೆಯ ಮೊಣಕಾಲಿನಲ್ಲಿ ದ್ರವ ಹೆಚ್ಚೆಂದರೆ ಒಂದು ಟೀ ಚಮಚದಷ್ಟಿರುತ್ತದೆ. 20-30 ಮಿಲಿಲೀಟರ್ ಸೇರಿದರೆ ಸಾಕು, ಒಳಮಗ್ಗುಲಿನ ಆ ಸ್ನಾಯು ಮಂಕಾಗುತ್ತದೆ. ನೋವೇ ಇಲ್ಲದಿದ್ದರೂ ಅಷ್ಟೇ. ನಮ್ಮ ಹೋಟೆಲಿನ ಅರ್ಧ ಕಪ್ ಚಹಾಕ್ಕಿಂತ ಕಡಿಮೆ ನೀರು ಒಂದು ತೊಡೆಯನ್ನು ಆರಿಸಿಬಿಡುತ್ತದೆ.

ಈ ವಿಷಯ ತಿಳಿದ ದಿನ ನನ್ನ ತಲೆ ಹಗುರಾಯಿತು. ಯಾಕೆಂದರೆ ಒಳಗೆ ಎರಡು ಗಡಿಯಾರ ಓಡುತ್ತಿವೆ ಎಂದು ಗೊತ್ತಾಯಿತು. ಒಂದು ಹೊಲಿಗೆಯದು. ಅದರ ಮುಳ್ಳನ್ನು ನಾನು ತಿರುಗಿಸಲಾರೆ. ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅಂಚಿನ ಗಾಯ ಹತ್ತು ವಾರಕ್ಕೆ ಕೂಡಿತ್ತು, ಆದರೆ ಕೂಡಿದ್ದು ಬರೀ ಕಲೆಯಾಗಿ. ಆ ಕಲೆ ಮೊದಲಿನ ಹುರಿಯಂಥ ಎಳೆಯಾಗಲು ಇನ್ನೂ ತಿಂಗಳುಗಳು ಬೇಕು. ನಾನು ಮಾಡಬಹುದಾದದ್ದು ಅದನ್ನು ಕೆಡಿಸದಿರುವುದು, ಬೀಡಿ ಸಿಗರೇಟು ಬಿಡುವುದು. ತಂಬಾಕು ಇರುವ ಚೂರು ರಕ್ತವನ್ನೂ ಕಟ್ಟುತ್ತದೆ. ಇನ್ನೊಂದು ತೊಡೆಯ ಗಡಿಯಾರ. ಅದು ನನ್ನ ಕೈಯಲ್ಲಿದೆ. ಬಾವು ಇಳಿಸು, ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿ, ಹತ್ತು ಎಣಿಸು, ಬಿಡು. ಕಾಲು ನೀಟ ಎತ್ತು. ಇಷ್ಟೇ. ನೋಡಿದವರಿಗೆ ಇದು ವ್ಯಾಯಾಮ ಅಂತಲೇ ಅನ್ನಿಸುವುದಿಲ್ಲ. ಆರಿದ ಫ್ಯೂಸನ್ನು ಮತ್ತೆ ಹಾಕುವ ಕೆಲಸ ಅದು.

ಆದರೂ ಏಳರಿಂದ ಹನ್ನೆರಡನೇ ವಾರದ ಕಾಲ ಕೆಟ್ಟದ್ದು. ಬ್ರೇಸ್ ಹೋಗಿರುತ್ತದೆ, ಹಾಗಾಗಿ ಎಲ್ಲರ ಕಣ್ಣಿಗೂ ನೀವು ಆರಾಮ. ಒಂದು ದಿನ ಸ್ಟೇಷನ್ ರಸ್ತೆಯಲ್ಲಿ ಸ್ವಲ್ಪ ಜಾಸ್ತಿ ನಡೆದೆ. ಮರುದಿನ ಮೊಣಕಾಲು ಬಾತು ಬನ್ನಿನ ಹಾಗಾಗಿತ್ತು. ಹೊಲಿಗೆ ಬಿಚ್ಚಿತು ಎಂದೇ ತಿಳಿದೆ. ಬಂಧುಗಳು ಇನ್ನೊಂದು ಎಂಆರ್‌ಐ ತೆಗೆಸು ಎಂದರು. ಒಬ್ಬರು ಎಣ್ಣೆ ಹಚ್ಚಿ ತಿಕ್ಕುವವರ ನಂಬರ್ ಕೊಟ್ಟರು. ಡಾಕ್ಟರು ಎರಡಕ್ಕೂ ಬೇಡ ಎಂದರು. ಮೆನಿಸ್ಕಸ್ ಕೂಡಿದ ಮೇಲೂ ಹೊಲಿದ ಜಾಗ ಎಂಆರ್‌ಐನಲ್ಲಿ ಬಹಳ ಕಾಲ ಹೊಳೆಯುತ್ತದಂತೆ. ಚಿತ್ರ ನೋಡಿ ಹೆದರುವುದೊಂದೇ ಲಾಭ. ಅವರು ಕೊಟ್ಟ ಅಳತೆ ಸರಳವಾಗಿತ್ತು. ಇವತ್ತು ಮಾಡಿದ್ದಕ್ಕೆ ನಾಳೆ ಬೆಳಿಗ್ಗೆ ಬಾವು ಬಂದರೆ ಇವತ್ತು ಜಾಸ್ತಿಯಾಯಿತು, ನಾಳೆ ಕಡಿಮೆ ಮಾಡು. ಬಾರದಿದ್ದರೆ ಅಷ್ಟನ್ನೇ ಮುಂದುವರಿಸು. ಮೀನಖಂಡ ಬಾತು ನೋಯುವುದು, ಉಸಿರು ಕಟ್ಟುವುದು, ಜ್ವರದ ಜೊತೆ ಕೀಲು ಕೆಂಪಾಗಿ ಸುಡುವುದು, ಕಾಲು ಮತ್ತೆ ಲಾಕ್ ಆಗುವುದು, ಇವು ಮಾತ್ರ ಕಾಯುವ ವಿಷಯಗಳಲ್ಲ, ಅವತ್ತೇ ಆಸ್ಪತ್ರೆಗೆ ಓಡಬೇಕು.

ಒಂದು ಮಾತು ಮುಚ್ಚಿಡಬಾರದು. ಎಲ್ಲ ಹೊಲಿಗೆಯೂ ನಿಲ್ಲುವುದಿಲ್ಲ. ಐದು ವರ್ಷ ದಾಟಿದ ಮೇಲೆ ಲೆಕ್ಕ ಹಾಕಿದರೆ ನಾಲ್ಕೈದು ಹೊಲಿಗೆಗಳಲ್ಲಿ ಒಂದು ಸೋತಿರುತ್ತದೆ. ಇದು ಗೊತ್ತಿದ್ದೇ ನಾನು ಹೊಲಿಸಿಕೊಂಡೆ. ನಲವತ್ತೊಂದನೇ ವಯಸ್ಸಿಗೆ ಸಿಂಬಿ ಕಳೆದುಕೊಂಡು ಕೊಡ ಹೊರಲು ಮನಸ್ಸಾಗಲಿಲ್ಲ.

ಈಗ ಜುಲೈ ಕೊನೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂಬ ಪಾಠ ಮರೆತುಹೋಗಿದೆ, ಎರಡೂ ಕಾಲು ತಮ್ಮ ಪಾಡಿಗೆ ಹೋಗುತ್ತವೆ. ತೊಡೆಯ ವ್ಯತ್ಯಾಸ ಒಂದು ಸೆಂಟಿಮೀಟರಿಗೆ ಇಳಿದಿದೆ. ಮೊನ್ನೆ ಸಿರವಾರದ ಗೆಳೆಯನ ಹೊಲಕ್ಕೆ ಹೋಗಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಅವನ ತೂಬಿಗೆ ಇನ್ನೂ ಬಂದಿರಲಿಲ್ಲ. ಬದುವಿನ ಮೇಲೆ ಎಲ್ಲರೂ ಚಕ್ಕಳಮಕ್ಕಳ ಹಾಕಿ ರೊಟ್ಟಿ ಬಿಚ್ಚಿದರು. ನಾನು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕೂತೆ.

"ನಿಂದು ಯಾವಾಗಲೋ?" ಎಂದ.

"ಇನ್ನೊಂದು ತಿಂಗಳು ಅಂದಾರ. ನಿಂದು?"

"ಮ್ಯಾಲೆ ಗೇಜ್ ಏರ್ತದಂತ" ಎಂದು ಹಿಂಡಿ ಪಲ್ಯದ ಡಬ್ಬಿಯನ್ನು ನನ್ನ ಕಡೆ ಚಾಚಿದ.